ಎಂಜಿನ್ನಿಗೆ ಹಾಯಿಸಿದ ಸಿಹಿನೀರು

ಮಲ್ಪೆಯಿಂದ ಬಂದ ಬೋಟಿನ ಎಂಜಿನ್ನನ್ನು ಚಾಮರಾಜಪೇಟೆಯ ವರ್ಕ್‌ಶಾಪಿನಲ್ಲಿ ಇಳಿಸಿದ ದಿನವೇ ಮುನಿರಾಜು ಒಂದು ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ ಅದರ ಮುಂದೆ ಇಟ್ಟ. ಮೂವತ್ತು ವರ್ಷದಿಂದ ಅಲ್ಲಿ ಫಿಟ್ಟರ್ ಆಗಿದ್ದವನು. ಲಾರಿ, ಜನರೇಟರ್, ಟ್ರ್ಯಾಕ್ಟರ್ ಯಾವುದಕ್ಕೂ ಹೀಗೆ ಮಾಡಿದವನಲ್ಲ.

“ಮುಳುಗಿದೋನ ಎಂಜಿನ್ ಇದು. ಒಳಗೆ ಬೇಡಮ್ಮ, ಹೊರಗೆ ಶೀಟ್ ಕೆಳಗೆ ಇಡೋಣ” ಅಂದ.

“ಇಳಿಸೋಕೇ ಆರು ಜನ ಬೇಕಾಯ್ತು ಮುನಿರಾಜಣ್ಣ. ಮತ್ತೆ ಯಾರು ಎತ್ತೋರು?” ಎಂದು ಪ್ರೇಮಲತಾ ನಕ್ಕಳು.

ಅಪ್ಪ ತೀರಿಕೊಂಡ ಮೇಲೆ ಹನ್ನೆರಡು ವರ್ಷದಿಂದ ವರ್ಕ್‌ಶಾಪ್ ನಡೆಸುತ್ತಿದ್ದವಳು ಅವಳೇ. ಮನೆ ಮೇಲಿನ ಮಹಡಿಯಲ್ಲೇ. ಹಳೆಯ ಡೀಸೆಲ್ ಎಂಜಿನ್ ಬಿಚ್ಚಿ, ಕೆಟ್ಟದ್ದು ಯಾಕೆಂದು ಹೇಳುವುದರಲ್ಲಿ ಅಪ್ಪನ ಹೆಸರು ಕರಾವಳಿಯವರೆಗೂ ಹೋಗಿತ್ತು. ಆ ಹೆಸರು ಹಿಡಿದೇ ಸಂಜೀವ ಕುಂದರ್ ಲಾರಿಯಲ್ಲಿ ಎಂಜಿನ್ನಿನ ಪಕ್ಕದಲ್ಲಿ ಕೂತು ಬಂದಿದ್ದ. ನಲವತ್ತರ ಆಸುಪಾಸಿನ ಮನುಷ್ಯ. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಕೂತ, ಕುಡಿಯಲಿಲ್ಲ.

“ರಿಪೇರಿ ಬೇಡ ಮೇಡಂ. ಯಾಕೆ ನಿಂತಿತು ಅಂತ ಹೇಳಿದ್ರೆ ಸಾಕು.”

“ಅಷ್ಟಕ್ಕೇ ಇಷ್ಟು ದೂರ ತಂದ್ರಾ? ನಿಮ್ಮೂರಲ್ಲೇ ಒಳ್ಳೆ ಮೆಕ್ಯಾನಿಕ್‌ಗಳಿದ್ದಾರಲ್ಲ?”

“ಉಂಟು. ಆದ್ರೆ ಎಲ್ಲ ನಮ್ಮವರೇ. ನನ್ನ ಮುಖ ನೋಡಿ ಯಾರೂ ನಿಜ ಹೇಳೂದಿಲ್ಲ.”

ನಡೆದದ್ದನ್ನು ಅವನು ಎಂಜಿನ್ ಕಡೆಗೆ ನೋಡುತ್ತಲೇ ಹೇಳಿದ. ಬೋಟು ಅವನದೂ ಅವನ ಅಣ್ಣ ದೂಮಪ್ಪನದೂ. ಸಮುದ್ರದ ನೀರನ್ನೇ ಎಳೆದುಕೊಂಡು ತಂಪಾಗುವ ಎಂಜಿನ್ನು. ದಡ ಸೇರಿದ ಮೇಲೆ ಸಮುದ್ರದ ವಾಲ್ವ್ ಮುಚ್ಚಿ, ಡ್ರಮ್ಮಿನಿಂದ ಸಿಹಿನೀರು ಕೊಟ್ಟು ಕಾಲು ಗಂಟೆ ಓಡಿಸಬೇಕು. ಇಲ್ಲವಾದರೆ ಒಳಗೆ ಉಪ್ಪು ಕಟ್ಟಿ, ದಾರಿ ಮುಚ್ಚಿ, ಎಂಜಿನ್ ಕಾದು ಹಿಡಿದುಕೊಂಡು ನಿಂತುಬಿಡುತ್ತದೆ. ಒಂದು ದಿನ ಅಣ್ಣನ ಸರದಿ, ಒಂದು ದಿನ ತಮ್ಮನದು. ಜನವರಿಯ ಒಂದು ಸಂಜೆ ಸಂಜೀವನಿಗೆ ಮದುವೆಯೊಂದಕ್ಕೆ ಹೋಗುವ ಅವಸರ. ನೀರು ಹಾಯಿಸಲಿಲ್ಲ. ಅಣ್ಣ ಫೋನಿನಲ್ಲಿ ಕೇಳಿದಾಗ “ಆಯ್ತು” ಅಂದುಬಿಟ್ಟ. ಮರುದಿನ ಅವನಿಲ್ಲದೆ ಬೋಟು ಹೊರಟಿತು. ಗಾಳಿ ಎದ್ದ ಹೊತ್ತಿನಲ್ಲಿ ಎಂಜಿನ್ ನಿಂತಿತು. ಬೋಟು ಬಂಡೆಗೆ ಬಡಿಯಿತು. ಜೊತೆಗಿದ್ದ ಇಬ್ಬರು ಆಳುಗಳು ಈಜಿ ಬಂದರು, ದೂಮಪ್ಪ ಬರಲಿಲ್ಲ.

“ದೇಹ?” ಎಂದು ಮುನಿರಾಜು ಮೆಲ್ಲಗೆ ಕೇಳಿದ.

“ಸಿಗ್ಲಿಲ್ಲ. ಎಂಜಿನ್ ಸಿಕ್ಕಿತು.” ಸಂಜೀವ ಲೋಟ ಕೆಳಗಿಟ್ಟ. “ಅತ್ತಿಗೆಗೆ ನಾನೇ ಹೇಳಿದೆ, ನೀರು ಹಾಯಿಸ್ಲಿಲ್ಲ ಅಂತ. ಅವತ್ತಿಂದ ಮಾತಿಲ್ಲ. ಒಂದೇ ಮನೆ. ನನ್ನ ತಟ್ಟೆ ಮುಟ್ಟೂದಿಲ್ಲ.”

ಮಾರನೆಯ ದಿನ ಮಧ್ಯಾಹ್ನ ಪ್ರೇಮಲತಾ ಮೇಲೆ ಊಟಕ್ಕೆ ಕೂತಿದ್ದಳು. ಕೆಳಗೆ ಯಾರೂ ಇರಲಿಲ್ಲ. ಮುನಿರಾಜು ಮನೆಗೆ ಹೋಗಿದ್ದ, ಸಂಜೀವ ಲಾಡ್ಜಿಗೆ. ಅನ್ನ ಕಲಸುವಾಗ ಕೆಳಗಿನಿಂದ ನೀರಿನ ಸದ್ದು ಕೇಳಿಸಿತು. ನಲ್ಲಿಯಿಂದ ಬೀಳುವ ಸದ್ದಲ್ಲ. ಏನನ್ನೋ ಸುತ್ತುವರಿದು, ಬಡಿದು, ಹಿಂದೆ ಸರಿಯುವ ಸದ್ದು. ಕೈ ತೊಳೆಯದೆಯೇ ಇಳಿದು ಬಂದಳು. ಷಟರ್ ಅರ್ಧ ಎಳೆದಂತೆಯೇ ಇತ್ತು. ನಲ್ಲಿ ಒಣಗಿತ್ತು. ಎಂಜಿನ್ನಿನ ಸುತ್ತ ಮಾತ್ರ ನೆಲ ಒದ್ದೆ. ಎಡಗೈ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಉಪ್ಪು.

ಉಪ್ಪು ಗಾಳಿಯ ತೇವ ಹೀರಿ ಬೆವರುತ್ತದೆ, ಅದು ಅವಳಿಗೆ ಗೊತ್ತಿದ್ದ ಮಾತೇ. ಆದರೆ ಅದು ಮಾರ್ಚ್ ತಿಂಗಳು. ಒಗೆದ ಬಟ್ಟೆ ಗಂಟೆಯೊಳಗೆ ಒಣಗುವ ಬಿಸಿಲು. ಅಲ್ಲದೆ ಒದ್ದೆ ಅಲ್ಲಿಗೇ ನಿಂತಿರಲಿಲ್ಲ. ಎಂಜಿನ್ನಿನಿಂದ ಬಾಗಿಲ ಕಡೆಗೆ ನಾಲ್ಕೈದು ಕಲೆ, ಒಂದರ ಮುಂದೆ ಒಂದು. ಹೆಜ್ಜೆ ಎನ್ನಲಾಗದು, ಅಲ್ಲವೆನ್ನಲೂ ಆಗದು. ಹೊಸ್ತಿಲ ಹತ್ತಿರ ಅವು ನಿಂತಿದ್ದವು. ಹೊರಗೆ ತರಕಾರಿ ಗಾಡಿಯವನು ಕೂಗುತ್ತಿದ್ದ, ಆಟೋ ಹಾರ್ನ್ ಹೊಡೆಯುತ್ತಿತ್ತು; ಒಳಗೆ ಒದ್ದೆ ಬಲೆಯ ವಾಸನೆ. ಅವಳೇ ಬಟ್ಟೆ ತಂದು ಒರೆಸಿದಳು. ಯಾರಿಗೂ ಹೇಳಲಿಲ್ಲ. ಆದರೆ ಆಮೇಲೆ ಎಂಜಿನ್ನಿಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟಳು. ಮುನಿರಾಜುವೂ ಅದರ ಹತ್ತಿರ ಕೆಲಸ ಮಾಡುವಾಗ ಆಗಾಗ ತಿರುಗಿ ನೋಡುವುದನ್ನು ಗಮನಿಸಿದಳು. ಅವನನ್ನು ಏನೂ ಕೇಳಲಿಲ್ಲ.

ಮೂರನೆಯ ದಿನ, ಬಿಚ್ಚುವ ಮೊದಲು ಒಳಗಿನ ಕೊಳೆ ಹೋಗಲೆಂದು ಸಣ್ಣ ಪಂಪಿನಿಂದ ನೀರು ಹಾಯಿಸಲು ಹೊರಟರು. ಸಿಹಿನೀರಿನ ಪೈಪು ಸಿಕ್ಕಿಸಲು ಎಂಜಿನ್ನಿನ ಪಕ್ಕದಲ್ಲಿ ಒಂದು ಹಿತ್ತಾಳೆ ಜಾಯಿಂಟ್ ಇತ್ತು. ಸಂಜೀವ ತಾನೇ ಪೈಪು ಹಾಕಿ ಕ್ಲಿಪ್ ಬಿಗಿದ. ಅವನ ಕೈಗೆ ಅದು ಕಣ್ಣು ಮುಚ್ಚಿದರೂ ಬರುವ ಕೆಲಸ. ಪಂಪು ಹಾಕಿದ ಕೂಡಲೇ ನೀರು ಹೊರಬೀಳುವ ಕೊಳವೆಯಿಂದ ಧುಮುಕಿತು. ಸಂಜೀವ ಬೊಗಸೆಯೊಡ್ಡಿ ಕುಡಿದ.

“ಸಿಹಿ” ಅಂದ. ಮೂರು ದಿನದಲ್ಲಿ ಮೊದಲ ಬಾರಿ ಅವನ ಮುಖ ಸಡಿಲಾಯಿತು. “ಹೀಗೇ ಬರ್ತಿತ್ತು ಮೇಡಂ. ದಿನಾ ಹೀಗೇ.”

ಪ್ರೇಮಲತಾ ಬಗ್ಗಿ ಆ ನೀರನ್ನೇ ನೋಡಿದಳು. ಸಮುದ್ರದಲ್ಲಿ ಬಿದ್ದಿದ್ದ ಎಂಜಿನ್ನು. ಅದರ ಹೊಟ್ಟೆಯನ್ನು ಹಾದು ಬಂದ ನೀರು ಕೆಂಪಗೆ, ಕೆಸರಾಗಿ ಬರಬೇಕು. ತಡೆದು ತಡೆದು ಬರಬೇಕು. ಇದು ಕುಡಿಯುವ ನೀರಿನಂತೆ ಬಂದಿತ್ತು.

“ಪಂಪ್ ಆಫ್ ಮಾಡಿ” ಅಂದಳು. ಪೈಪು ಕಿತ್ತು, ಎಂಜಿನ್ನಿನ ಒಳಬಾಯಿಗೇ ನೇರ ಕೊಟ್ಟಳು. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಹನಿಹನಿಯಾಗಿ ತುಕ್ಕಿನ ನೀರು, ಉಪ್ಪಿನ ಚಕ್ಕೆ, ಮರಳು.

“ಸಂಜೀವ ಅವ್ರೇ, ಈ ಜಾಯಿಂಟ್ ಹಾಕಿದ್ದು ಯಾರು?”

“ಅಣ್ಣ. ನಾಲ್ಕು ವರ್ಷ ಆಯ್ತು. ಮೆಕ್ಯಾನಿಕ್ ಬೇಡ, ನಾನೇ ಮಾಡ್ತೇನೆ ಅಂತ. ಯಾಕೆ?”

ಅವಳು ಸ್ಟೂಲು ಎಳೆದು ಅವನೆದುರು ಕೂತಳು. “ಜಾಗ ತಪ್ಪಿದೆ. ನೀವು ಕೊಟ್ಟ ನೀರು ಎಂಜಿನ್ ಒಳಗೆ ಹೋಗ್ತಾನೇ ಇರಲಿಲ್ಲ. ಪಕ್ಕದಿಂದ ಬಂದು ಹಾಗೇ ಹೊರಗೆ ಹೋಗ್ತಿತ್ತು. ಒಳಗೆ ನಾಲ್ಕು ವರ್ಷದಿಂದ ಉಪ್ಪು ಕಟ್ಟುತ್ತಲೇ ಬಂದಿದೆ. ಒಂದು ದಿನ ಬಿಟ್ಟಿದ್ದಕ್ಕೆ ಇದು ನಿಂತಿಲ್ಲ. ಆ ದಿನ ನೀವು ಹಾಯಿಸಿದ್ರೂ ನಿಲ್ತಿತ್ತು.”

ಅವನು ಅಳುತ್ತಾನೆ, ಇಲ್ಲವೇ ನಿರಾಳವಾಗಿ ಉಸಿರು ಬಿಡುತ್ತಾನೆ ಎಂದುಕೊಂಡಿದ್ದಳು. ಅವನು ಬಿಳಿಚಿಕೊಂಡ.

“ಇದನ್ನು ಯಾರಿಗೂ ಹೇಳ್ಬೇಡಿ ಮೇಡಂ.”

“ಯಾಕ್ರೀ? ನಿಮ್ಮ ತಪ್ಪಲ್ಲ ಅಂತ ಗೊತ್ತಾಗ್ಲಿ.”

“ಅತ್ತಿಗೆ ಈಗ ನನ್ನನ್ನು ಬೈದುಕೊಂಡು ಬದುಕ್ತಾ ಇದ್ದಾರೆ. ಅಣ್ಣ ತನ್ನ ಕೈಯಾರೆ ಮಾಡಿಕೊಂಡದ್ದು ಅಂತ ಗೊತ್ತಾದ್ರೆ ಯಾರನ್ನು ಬೈಯೂದು? ಇನ್ನೂ ಕುಂಕುಮ ಅಳಿಸ್ಲಿಲ್ಲ ಅವರು. ಬಾಗಿಲಲ್ಲೇ ಕೂತಿರ್ತಾರೆ.” ಅವನು ಕೈ ಮುಗಿದ. “ತಪ್ಪು ನನ್ನ ಹತ್ರವೇ ಇರ್ಲಿ.”

ಸರಿ ಅನ್ನದೆ ಅವಳಿಗೆ ಬೇರೆ ದಾರಿ ತೋಚಲಿಲ್ಲ. ಅವನು ಅಂದೇ ಬಸ್ಸು ಹತ್ತಿದ. ಎಂಜಿನ್ ವರ್ಕ್‌ಶಾಪಿನಲ್ಲೇ ಉಳಿಯಿತು. ಒರೆಸಿದ ಜಾಗದಲ್ಲಿ ಮಧ್ಯಾಹ್ನದ ಹೊತ್ತಿಗೆ ಮತ್ತೆ ಒದ್ದೆ ಕಾಣಿಸುವುದೂ ನಿಲ್ಲಲಿಲ್ಲ. ಅವಳು ಒರೆಸುತ್ತಿದ್ದಳು, ಮುನಿರಾಜು ನೋಡಿಯೂ ನೋಡದವನಂತಿರುತ್ತಿದ್ದ.

ಹದಿನೈದು ದಿನದ ಮೇಲೆ ಒಂದು ಬೆಳಗ್ಗೆ ಫೋನ್ ಬಂತು. ಹೆಂಗಸಿನ ಧ್ವನಿ.

“ನಾನು ಗುಲಾಬಿ. ದೂಮಪ್ಪನವರ ಮನೆಯವಳು. ಮೈದುನ ಅಲ್ಲಿಂದ ಬಂದ ಮೇಲೆ ಬಾಯೇ ಬಿಡೂದಿಲ್ಲ. ಎಂಜಿನ್ ಒಳಗೆ ನಿಮಗೆ ಎಂತ ಸಿಕ್ಕಿತು?”

ಪ್ರೇಮಲತಾ ಒಮ್ಮೆ ಎಂಜಿನ್ ಕಡೆ ನೋಡಿದಳು. ಹಳೇ ಎಂಜಿನ್ ಅಮ್ಮ, ಏನೂ ಗೊತ್ತಾಗಲಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಪ್ಪ ಯಾರ ಮುಖ ನೋಡಿಯೂ ಎಂಜಿನ್ನಿನ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ. ಎಲ್ಲ ಹೇಳಿದಳು. ಜಾಯಿಂಟ್ ಯಾರು ಹಾಕಿದ್ದು ಎಂಬುದನ್ನೂ.

ಆ ಕಡೆ ಅಲೆಯ ಸದ್ದು ಮಾತ್ರ. ಮನೆ ಕಡಲ ಹತ್ತಿರವೇ ಇರಬೇಕು. ಕೊನೆಗೆ, “ಅವರಿಗೆ ಯಾರು ಹೇಳಿದ್ರೂ ಕೇಳ್ತಿರ್ಲಿಲ್ಲ” ಎಂದು ಗುಲಾಬಿ ಫೋನ್ ಇಟ್ಟಳು.

ಮರುದಿನ ಸಂಜೀವ ಫೋನ್ ಮಾಡಿದ. ಬೈಯುತ್ತಾನೆಂದೇ ಪ್ರೇಮಲತಾ ಕಿವಿಗೊಟ್ಟಳು.

“ಹೇಳಿಬಿಟ್ರಿ ನೀವು.”

“ಹೇಳ್ದೆ. ತಪ್ಪಾಗಿದ್ರೆ ಕ್ಷಮಿಸಿ.”

“ನಿನ್ನೆ ರಾತ್ರಿ ಎಲ್ಲ ಅತ್ತಿಗೆ ಅತ್ತರು. ಇವತ್ತು ಬೆಳಿಗ್ಗೆ ಕುಂಕುಮ ಅಳಿಸಿದ್ರು.” ಆಮೇಲೆ ಅಂದ, “ಮಧ್ಯಾಹ್ನ ನನಗೆ ಗಂಜಿ ಬಡಿಸಿದ್ರು ಮೇಡಂ. ಮಾತಾಡ್ಲಿಲ್ಲ. ಆದ್ರೆ ಬಡಿಸಿದ್ರು.”