ಅಧ್ಯಕ್ಷರು ಕೂಡಿಸಿದ ಗಡಿಯಾರ

ಆ ಹೋಟೆಲಿನ ಸಭಾಂಗಣದಲ್ಲಿ ಅಂದು ಸೇರಿದ್ದವರ ಮುಂಗೈಗಳ ಮೇಲಿದ್ದುದನ್ನೆಲ್ಲ ಮಾರಿದ್ದರೆ ಒಂದು ಸಣ್ಣ ಊರನ್ನೇ ಕೊಳ್ಳಬಹುದಿತ್ತು. ಆದರೂ ಕಾರ್ಯಕ್ರಮ ಶುರುವಾದದ್ದು ನಲವತ್ತು ನಿಮಿಷ ತಡವಾಗಿ. ದುಬಾರಿ ಗಡಿಯಾರ ಪ್ರಿಯರ ಸಂಘದ ವಾರ್ಷಿಕ ಕೂಟ ಅದು. ಹನ್ನೆರಡು ಮಂದಿ ಸದಸ್ಯರು ಅಂದು ತಮ್ಮ ಕೈಯಾರೆ ಒಂದೊಂದು ಗಡಿಯಾರದ ಯಂತ್ರವನ್ನು ಜೋಡಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಮನೆಗೊಯ್ಯುವವರಿದ್ದರು.

ಹೇಳಿದ ಹೊತ್ತಿಗೆ ಬಂದವನು ಒಬ್ಬನೇ, ರಿಪೇರಿಯಜ್ಜ. ಬಸ್ ನಿಲ್ದಾಣದ ಎದುರಿನ ಗೂಡಂಗಡಿಯಲ್ಲಿ ಐವತ್ತು ವರ್ಷ ಊರವರ ಗಡಿಯಾರ ಬಿಚ್ಚಿ ಕಟ್ಟಿದ ಅವನ ಸ್ವಂತ ಕೈ ಮಾತ್ರ ಬರಿದಾಗಿತ್ತು. ಸದಸ್ಯರ ಬೆನ್ನ ಹಿಂದೆ ನಿಂತು, ಅವರು ಕೆಡಿಸಿದ್ದನ್ನು ಅವರಿಗೆ ತಿಳಿಯದಂತೆ ಸರಿಮಾಡುವುದು ಅವನ ಕೆಲಸ. ಎದೆಯ ಮೇಲೆ 'ಮಹಾ ಕುಶಲಕರ್ಮಿ' ಎಂಬ ಚೀಟಿ ತಗುಲಿಸಿದ್ದರು. ಅಂಗಡಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು 'ಏ ಅಜ್ಜಾ' ಎಂದು.

ಅವನು ಬಂದದ್ದು ಚೀಟಿಯ ಆಸೆಗಲ್ಲ. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ನಾಡಿ ಎಣಿಸಲು ದೊಡ್ಡ ಮುಖದ್ದೇ ಬೇಕೆಂದು ಗಂಡಸರ ಗಡಿಯಾರ ಕಟ್ಟುತ್ತಿದ್ದಳು. ಒಮ್ಮೆ ಅದು ಕೈಜಾರಿ ಬಿದ್ದು, ಒಳಗೆ ಅತ್ತಿತ್ತ ಆಡಿ ಗಡಿಯಾರವನ್ನು ನಡೆಸುವ ಬ್ಯಾಲೆನ್ಸ್ ಚಕ್ರದ ಮೊನೆ ಮುರಿದು ನಿಂತುಹೋಯಿತು. ಚಕ್ರ ಸಿಕ್ಕ ಕೂಡಲೇ ಹಾಕಿಕೊಡುತ್ತೇನೆ ಎಂದವನು ಏಳು ವರ್ಷ ಹುಡುಕಲೇ ಇಲ್ಲ. ಅಂಗಡಿ ಮುಂದೆ ಗಿರಾಕಿ ನಿಂತಿರುವಾಗ ಮನೆಯವಳ ಸರದಿ ಎಂದಿಗೂ ಕೊನೆಗೆ. ಸರದಿ ಬರುವ ಮುಂಚೆ ಅವಳೇ ಹೊರಟುಹೋದಳು. ತೀರಿಕೊಂಡು ಐದು ತಿಂಗಳಾಗಿತ್ತು.

"ಊರಿಗೆಲ್ಲ ಟೈಮ್ ಸರಿ ಮಾಡಿಕೊಟ್ಟೋರು, ಅಮ್ಮಂಗೆ ಒಂದು ಮಧ್ಯಾಹ್ನ ಕೊಡ್ಲಿಲ್ಲ ನೀವು" ಎಂದಿದ್ದಳು ಮಗಳು. ಅದಾದ ಮೇಲೆ ಬೈದಿರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಗ ಅಜ್ಜನ ಹುಡುಕಾಟ ಶುರುವಾಯಿತು. ಅವಳ ಗಡಿಯಾರದ ಕಂಪನಿ ಆ ಯಂತ್ರ ತಯಾರಿಸುವುದನ್ನು ಮೂವತ್ತು ವರ್ಷದ ಹಿಂದೆಯೇ ನಿಲ್ಲಿಸಿತ್ತು. ಉಗ್ರಾಣದ ಮೂಲೆಯಲ್ಲಿ ಉಳಿದಿದ್ದ ಹನ್ನೆರಡು ಹಳೆಯ ಯಂತ್ರಗಳನ್ನೇ ಈಗ ಈ ಕೂಟಕ್ಕೆ ತಂದಿದ್ದರು. ಜೊತೆಗೆ ಒಂದೇ ಒಂದು ಬಿಡಿ ಚಕ್ರ. ಬೆಳಿಗ್ಗೆ ಕಂಪನಿಯ ಮ್ಯಾನೇಜರಮ್ಮ ಆ ಚಕ್ರದ ಪೊಟ್ಟಣವನ್ನು ಅವನ ಕೈಗಿಟ್ಟು, "ಹನ್ನೆರಡೂ ಟಿಕ್ ಅಂದ್ರೆ ಇದು ನಿಮ್ದು ಅಜ್ಜಾ. ಒಂದು ನಿಂತ್ರೂ ಇದನ್ನ ಅದಕ್ಕೆ ಹಾಕ್ಬೇಕು. ಒಪ್ಪಿಗೇನಾ?" ಎಂದಿದ್ದಳು. ಅಜ್ಜ ದೇವರನ್ನು ನೆನೆದು ಒಪ್ಪಿಕೊಂಡಿದ್ದ.

ಸದಸ್ಯರು ಬಿಳಿ ಕೋಟು ತೊಟ್ಟು, ಕಣ್ಣಿಗೆ ಮಸೂರ ಸಿಕ್ಕಿಸಿ ಕುಳಿತರು. ಕುಳಿತವರು ಮೊದಲು ಮಾಡಿದ ಕೆಲಸವೆಂದರೆ ಫೋಟೊ ತೆಗೆಸಿಕೊಂಡದ್ದು. ಒಬ್ಬರು ಎಣ್ಣೆಯ ಸೀಸೆಯನ್ನು ಮೂಸಿ ಕಣ್ಣು ಮುಚ್ಚಿ ತಲೆದೂಗಿದರು. ಇನ್ನೊಬ್ಬರು ಸೀನಿದರು, ಅವರ ಸ್ಕ್ರೂ ಹಾರಿಹೋಯಿತು. ಹನ್ನೆರಡು ಮಂದಿಯೂ ಮೊಣಕಾಲೂರಿ ರತ್ನಗಂಬಳಿ ತಡಕಿದರು. ದೇವರೆದುರಿಗಾದರೂ ಇವರು ಇಷ್ಟು ಭಕ್ತಿಯಿಂದ ಬಾಗಿದ್ದರೋ ಇಲ್ಲವೋ ಎಂದು ಅಜ್ಜನಿಗೆ ಅನುಮಾನ. ಸ್ಕ್ರೂ ಸೀನಿದವರ ಮೀಸೆಯಲ್ಲೇ ಇತ್ತು.

ಮೂರು ಗಂಟೆಗೆ ಹನ್ನೊಂದು ಯಂತ್ರಗಳು ಟಿಕ್ ಅನ್ನುತ್ತಿದ್ದವು. ಅವುಗಳಲ್ಲಿ ಒಂಬತ್ತನ್ನು ನಡೆಸಿದ್ದು ಅಜ್ಜನ ಬೆರಳು. ಇನ್ನೂ ನಡೆಯದೆ ಉಳಿದದ್ದು ಸಂಘದ ಅಧ್ಯಕ್ಷರದು. ಎರಡೂ ಕೈಗೆ ಗಡಿಯಾರ ಕಟ್ಟುವ ಅಧ್ಯಕ್ಷರು ಯಾರನ್ನೂ ಹತ್ತಿರ ಸೇರಿಸಿರಲಿಲ್ಲ.

"ಸ್ವಾಮಿ, ಮೇಲಿನ ಪಟ್ಟಿ ಇಟ್ಟ ಮೇಲೆ ಚಕ್ರ ಸಲೀಸಾಗಿ ಆಡುತ್ತಾ ನೋಡಿ. ಆಡಿದ್ರೆ ಮಾತ್ರ ಸ್ಕ್ರೂ ಬಿಗೀರಿ" ಎಂದ ಅಜ್ಜ.

"ಅಜ್ಜಾ, ನಮ್ಮನೇಲಿ ನಲವತ್ತಾರು ಗಡಿಯಾರ ಇವೆ."

"ಇರ್ಲಿ ಬಿಡಿ. ಚಕ್ರದ ಮೊನೆ ಆ ಕೆಂಪು ಕಲ್ಲಿನ ತೂತಲ್ಲಿ ಕೂತಿರಬೇಕು, ಅಷ್ಟೇ."

"ನನಗೆ ಗಡಿಯಾರದ ಪಾಠ ಹೇಳ್ತೀಯಾ?" ಎಂದು ಅಧ್ಯಕ್ಷರು ನಕ್ಕರು. ಕ್ಯಾಮೆರಾದವನು "ಸಾರ್, ಈ ಕಡೆ" ಎಂದ. ಅಧ್ಯಕ್ಷರು ಮುಖವನ್ನು ಆ ಕಡೆ ತಿರುಗಿಸಿ, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಈ ಕಡೆ ತಿರುಗಿಸಿದರು. ಸೂಜಿ ಮುರಿದಷ್ಟೇ ಸಣ್ಣ ಸದ್ದು. ಅಜ್ಜನೊಬ್ಬನಿಗೇ ಕೇಳಿಸಿತು.

ಮ್ಯಾನೇಜರಮ್ಮ ಅವನ ಮುಖ ನೋಡಿಯೇ ಅರ್ಥಮಾಡಿಕೊಂಡಳು. ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು: "ಪೊಟ್ಟಣ ತೆಗೀರಿ. ಅವರಿಗೆ ಗೊತ್ತಾಗೋ ಮೊದ್ಲು ಹಾಕ್ಬಿಡಿ. ನಿಮಗೆ ಬೇರೆ ತರಿಸ್ತೀನಿ."

"ಎಲ್ಲಿಂದ ತರಿಸ್ತೀಯಮ್ಮಾ? ಇದೇ ಕೊನೇದು ಅಂತ ಬೆಳಿಗ್ಗೆ ನೀನೇ ಹೇಳ್ದೆ."



ಅಜ್ಜನ ಕೈ ಜೇಬಿನಲ್ಲೇ ನಿಂತಿತು. ಮೆಲ್ಲಗೆ ಬಾಗಿಲು ದಾಟಿಬಿಟ್ಟರೆ ಹಿಡಿಯುವವರಿರಲಿಲ್ಲ. ಆದರೆ ದೇವರ ಹೆಸರಿನಲ್ಲಿ ಒಪ್ಪಿದ ಮಾತು. ಹೆಂಡತಿಗೆ ಕೊಟ್ಟ ಮಾತನ್ನು ನುಂಗಿದವನು ಅವಳ ಗಡಿಯಾರಕ್ಕಾಗಿ ಇನ್ನೊಂದನ್ನೂ ನುಂಗುವುದೇ? 'ನಿನ್ನ ಇಚ್ಛೆ, ತಂದೆ' ಎಂದುಕೊಂಡು ಪೊಟ್ಟಣವನ್ನು ತಂದು ಅಧ್ಯಕ್ಷರ ಮೇಜಿನ ಮೇಲಿಟ್ಟ. ಗೊತ್ತಾಗದಂತೆ ಮಾಡುವುದು ಮಾತ್ರ ಅವನಿಂದಾಗಲಿಲ್ಲ.

"ಸ್ವಾಮಿ, ನಿಮ್ಮದು ನಡೆಯಲ್ಲ. ಚಕ್ರದ ಮೊನೆ ಮುರಿದಿದೆ. ನೀವೇ ಮುರಿದದ್ದು. ಬೇರೆ ಹಾಕ್ತೀನಿ, ಏಳಿ."

ನೀವು ತಪ್ಪು ಮಾಡಿದಿರಿ ಎಂದು ಅಧ್ಯಕ್ಷರಿಗೆ ಹೇಳಿದ ಮನುಷ್ಯನನ್ನು ಆ ಸಂಘ ನೋಡಿದ್ದು ಅಂದೇ ಮೊದಲು.

"ನಾನು ಮುರಿದ್ನಾ?"

"ಹೌದು ಸ್ವಾಮಿ."

"ಈ ಕೈಯಿಂದ?" ಅಧ್ಯಕ್ಷರು ಮಸೂರ ತೆಗೆದು ಸುತ್ತ ನೋಡಿದರು. "ಬೇರೆ ಯಾರದಾದ್ರೂ ಮುರಿದಿದೆಯಾ?"

"ಇಲ್ಲ. ನಿಮ್ಮದೊಂದೇ."

"ಒಂದೇ!" ಎಂದರು ಅಧ್ಯಕ್ಷರು. ಅವರ ಮುಖದ ಮೇಲೆ ಹಬ್ಬಿದ ಬೆಳಕನ್ನು ಅಜ್ಜ ಹಿಂದೆಂದೂ ಕಂಡಿರಲಿಲ್ಲ. "ಹನ್ನೆರಡರಲ್ಲಿ ಇದೊಂದೇ ಬೇರೆ. ಮುಟ್ಟಬೇಡ! ಯಾರೂ ಮುಟ್ಟಬೇಡಿ! ಹಾಗೇ ಪೆಟ್ಟಿಗೇಲಿಡಿ."

"ಆದರೆ ನಡೆಯಲ್ಲವಲ್ಲ ಸ್ವಾಮಿ."

"ನಡೆಯೋದು ಎಲ್ಲರ ಹತ್ರಾನೂ ಇದೆ ಕಣಯ್ಯಾ."

ಚಪ್ಪಾಳೆ ಬಿತ್ತು. ಅಧ್ಯಕ್ಷರು ಮುರುಕನ್ನು ಎತ್ತಿ ಹಿಡಿದು ಭಾಷಣ ಮಾಡಿದರು. ಉಳಿದ ಹನ್ನೊಂದು ಮಂದಿ ತಮ್ಮ ನಡೆಯುವ ಯಂತ್ರಗಳನ್ನು ಹೊಟ್ಟೆಯುರಿಯಿಂದ ನೋಡಿಕೊಂಡರು. ಮೀಸೆಯವರು ಅಜ್ಜನ ತೋಳು ಹಿಡಿದು, "ಅಜ್ಜಾ, ನಂದನ್ನೂ ಸ್ವಲ್ಪ ಮುರಿದು ಕೊಡ್ತೀಯಾ? ಬೇರೆ ಜಾಗದಲ್ಲಿ" ಎಂದು ಗುಟ್ಟಾಗಿ ಕೇಳಿದರು.

"ಅದಕ್ಕೆ ಕೈ ಪಳಗಿರಬೇಕು ಸ್ವಾಮಿ, ನಂಗೆ ಬರಲ್ಲ" ಎಂದ ಅಜ್ಜ.

ಮ್ಯಾನೇಜರಮ್ಮ ಮೇಜಿನ ಮೇಲಿದ್ದ ಪೊಟ್ಟಣವನ್ನು ಎತ್ತಿ ಅವನ ಅಂಗೈಗಿಟ್ಟು ಬೆರಳು ಮಡಿಚಿದಳು. "ಹೊರಡಿ. ಅವರ ಮನಸ್ಸು ಬದಲಾಗೋ ಮೊದ್ಲು ಹೊರಡಿ."

ಬಸ್ಸಿನಲ್ಲಿ ಅಜ್ಜನಿಗೆ ನಗು ಬಂತು. ಐದು ತಿಂಗಳಲ್ಲಿ ಮೊದಲ ಸಲ. ಬೇಡಿದ್ದನ್ನು ದೇವರು ಕೊಡುತ್ತಾನೆಂದು ಅವನಿಗೆ ಗೊತ್ತಿತ್ತು. ಇಂಥವರ ಕೈಯಿಂದಲೂ ಕೊಡಿಸುತ್ತಾನೆಂದು ಗೊತ್ತಿರಲಿಲ್ಲ.

ಮನೆಗೆ ಬಂದವನು ಕಿಟಕಿಯ ಪಕ್ಕ ಕುಳಿತು, ಬಿಸಿಲು ಇಳಿಯುವುದರೊಳಗೆ ಚಕ್ರ ಕೂರಿಸಿದ. ಅದು ಆಡಿತು. ಆಮೇಲೆ ಸ್ಕ್ರೂ ಬಿಗಿದ. ಕೀಲಿ ಕೊಟ್ಟು ಮಗಳ ಮುಂದಿಟ್ಟ.

ಮಗಳು ಕಿವಿಗೆ ಹಿಡಿದಳು.

"ಇದನ್ನ ಸರಿಮಾಡೋಕೆ ಎಷ್ಟು ಹೊತ್ತು ಬೇಕಾಯ್ತು ಅಪ್ಪಾ?"

ಸುಳ್ಳು ಹೇಳಬಹುದಿತ್ತು. "ಇಪ್ಪತ್ತು ನಿಮಿಷ" ಎಂದ ಅಜ್ಜ.

ಮಗಳು ಗಡಿಯಾರವನ್ನು ಕೈಗೆ ಕಟ್ಟಿಕೊಂಡು, ಬೆನ್ನು ತಿರುಗಿಸಿ ನಿಂತು ಅತ್ತಳು. ಅಜ್ಜ ಎದ್ದುಹೋಗಲಿಲ್ಲ. ಬೈಯುವುದಾದರೆ ಬೈಯಲಿ ಎಂದು ಅವಳ ಪಕ್ಕದಲ್ಲೇ ನಿಂತ.