ಹನ್ನೆರಡನೇ ಫ್ರೆಟ್ಟು

ಚಾಮರಾಜಪೇಟೆಯ ದೊರೆಸ್ವಾಮಿ ತನ್ನದೇ ಆರ್ಕೆಸ್ಟ್ರಾದ ಯಜಮಾನ, ತಾನೇ ಗಾಯಕ. ಹಾಡು ಮುಗಿದರೂ ಮೈಕು ಬಿಡುತ್ತಿರಲಿಲ್ಲ. "ಬಂಧುಗಳೇ, ನಮ್ಮ ಗಿಟಾರಿನವರಿಗೆ ಸ್ವಲ್ಪ ಶ್ರುತಿದೋಷ. ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು" ಎಂದು ಕೈಮುಗಿಯುತ್ತಿದ್ದ. ಜನ ನಗುತ್ತಿದ್ದರು. ಗಿಟಾರಿನವನು, ಅಂದರೆ ಮಾವಳ್ಳಿಯ ಮುತ್ತುರಾಜ್, ತಲೆ ತಗ್ಗಿಸಿ ತಂತಿಯ ಕಿವಿ ಹಿಂಡುತ್ತಿದ್ದ. ವರ್ಷವೊಂದು ಕಳೆಯುವಷ್ಟರಲ್ಲಿ ಊರಿನ ಆರ್ಕೆಸ್ಟ್ರಾಗಳಲ್ಲೆಲ್ಲ ಅವನ ಹೆಸರು 'ಕಿವಿ ಇಲ್ಲದ ಮುತ್ತುರಾಜ್' ಎಂದಾಗಿತ್ತು.

ಕಿವಿ ಇದ್ದದ್ದೇ ಅವನ ಕಷ್ಟ. ಖಾಲಿ ತಂತಿ ಮೀಟಿದರೆ ಕೀಬೋರ್ಡಿನ ಜೊತೆ ಸರಿಯಾಗಿ ಕೂರುತ್ತಿತ್ತು. ಬೆರಳು ಗಿಟಾರಿನ ಕತ್ತಿನ ಅಡ್ಡಪಟ್ಟಿಗಳಲ್ಲಿ, ಅಂದರೆ ಫ್ರೆಟ್ಟುಗಳಲ್ಲಿ, ಮೇಲಿನವಕ್ಕೆ ಹೋದಂತೆ ಸ್ವರ ಬೇಕಾದ್ದಕ್ಕಿಂತ ಜಾಸ್ತಿ ಏರುತ್ತಿತ್ತು. ಕಾರಣವೂ ಅವನಿಗೆ ಗೊತ್ತಿತ್ತು. ತೆಳು ತಂತಿ ವೇದಿಕೆಯ ಮೇಲೆ ಕಡಿದುಹೋಗುತ್ತದೆಂದು ದಪ್ಪ ತಂತಿ ಹಾಕಿದ್ದ. ದಪ್ಪ ತಂತಿಗೆ ಕೊಂಚ ಹೆಚ್ಚು ಉದ್ದ ಬೇಕು. ಗಿಟಾರಿನ ಬುಡದಲ್ಲಿ ತಂತಿಗಳನ್ನು ಹೊತ್ತ ಆರು ಪುಟ್ಟ ಕುದುರೆಗಳನ್ನು ಸ್ಕ್ರೂ ತಿರುಗಿಸಿ ಹಿಂದಕ್ಕೆ ಎಳೆದರೆ ಸರಿಹೋಗುತ್ತದೆ. ಆದರೆ ಆ ಸ್ಕ್ರೂಗಳು ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಪ್ರತಿ ಆಯುಧಪೂಜೆಗೂ ದೊರೆಸ್ವಾಮಿ ಕೈಯಾರೆ ಕುಂಕುಮ ಕಲಸಿ ಡ್ರಮ್ಮಿಗೊಂದು, ಕೀಬೋರ್ಡಿಗೊಂದು ಬೊಟ್ಟಿಟ್ಟು, ಗಿಟಾರಿಗೆ ಮಾತ್ರ ಕುದುರೆಗೊಂದರಂತೆ ಇಡುತ್ತಿದ್ದ. ಅದನ್ನು ಒರೆಸಿದರೆ ಅಪಶಕುನ. ಕುಂಕುಮವೂ ಬೆವರೂ ಸೇರಿ ಸಿಮೆಂಟಾಗಿತ್ತು.

ಆ ವರ್ಷ ಗಣೇಶನ ಹಬ್ಬದ ಕಾರ್ಯಕ್ರಮಗಳು ಶುರುವಾಗುವ ಮುಂಚೆ ಮುತ್ತುರಾಜ್ ಗಟ್ಟಿ ಮನಸ್ಸು ಮಾಡಿ, ಮನೆಯ ಜಗಲಿಯ ಮೇಲೆ ಸೀಮೆಎಣ್ಣೆ, ಹಳೇ ಟೂತ್‌ಬ್ರಷ್ಷು ಹಿಡಿದು ಕೂತ.

"ಪೂಜೆ ಆಗಿರೋದನ್ನ ಸೀಮೆಎಣ್ಣೇಲಿ ತೊಳೀತಾರೇನೋ?" ಎಂದಳು ತಾಯಿ ಪಾರ್ವತಮ್ಮ.

"ಹಲ್ಲುಜ್ಜಿಸ್ತಿದೀನಮ್ಮ. ಬಾಯಿ ವಾಸನೆ ಅಂತ ಊರೆಲ್ಲಾ ಹೇಳ್ತಾವ್ರೆ."

ಪಕ್ಕದಲ್ಲಿದ್ದ ಗೆಳೆಯ ಯೋಗಾನಂದ ನಕ್ಕ. ಆರ್ಕೆಸ್ಟ್ರಾದಲ್ಲಿ ಅವನದು ಮಿಮಿಕ್ರಿ. ಶ್ರುತಿ ತಪ್ಪಿದ ಈ ಗಿಟಾರಿನ ಕುಂಯ್‌ಗುಟ್ಟುವಿಕೆಯನ್ನು ಬಾಯಲ್ಲೇ ನುಡಿಸುವುದು ಅವನ ಹೆಸರಾಂತ ಐಟಂ. "ಉಜ್ಜು ಮಗಾ, ಉಜ್ಜು. ನನ್ನ ಹೊಟ್ಟೇಮೇಲೆ ಹೊಡಿ."

ಸ್ಕ್ರೂ ಕೊನೆಗೂ ಕಿರುಗುಟ್ಟಿ ತಿರುಗಿತು. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯನ್ನು ಬೆರಳಿಂದ ಸುಮ್ಮನೆ ಸೋಕಿ ಮೀಟಿದರೆ ಗಂಟೆಯಂಥ ಸ್ವರ. ಅಲ್ಲೇ ಒತ್ತಿ ಮೀಟಿದರೂ ಅದೇ ಸ್ವರ ಬರಬೇಕು. ತಿರುಗಿಸಿ, ಶ್ರುತಿ ಮಾಡಿ, ಕೇಳಿ, ಮತ್ತೆ ತಿರುಗಿಸಿದ. ದೀಪ ಹಚ್ಚುವ ಹೊತ್ತಿಗೆ ಆರೂ ತಂತಿಗಳಲ್ಲಿ ಎರಡು ಸ್ವರವೂ ಒಂದಾದವು. ಅಣಕಿಸಲು ಬಾಯಿ ತೆರೆದ ಯೋಗಾನಂದ ಹಾಗೇ ಮುಚ್ಚಿಕೊಂಡ.

ಮರುದಿನ ದೊರೆಸ್ವಾಮಿಯ ಮನೆ ತಾರಸಿಯ ಕೋಣೆಯಲ್ಲಿ ಪ್ರಾಕ್ಟೀಸು. ಹಾಡು ಮೇಲಿನ ಸ್ಥಾಯಿಗೆ ಏರಿತು. ಕೀಬೋರ್ಡು ಏರಿತು, ಗಿಟಾರೂ ಕೂದಲೆಳೆ ಕೊಂಕದೆ ಏರಿತು. ದೊರೆಸ್ವಾಮಿಯ ದನಿ ಮಾತ್ರ ಅಟ್ಟಕ್ಕೆ ಕೈ ಎಟುಕದವನಂತೆ ಕೆಳಗೇ ತಡಕಾಡುತ್ತಿತ್ತು. ಇನ್ನೊಮ್ಮೆ ಹಾಡಿದ. ಮತ್ತೆ ಹಾಗೇ. ಇಷ್ಟು ದಿನ ಯಾರ ದೋಷ ಯಾರ ತಲೆಗೆ ಕಟ್ಟಲಾಗಿತ್ತೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಡ್ರಮ್ಮಿನವನು ನೆಲ ನೋಡಿದ.

"ಗಿಟಾರಿಗೆ ಏನೋ ಮಾಡಿದೀಯಾ?" ಎಂದ ದೊರೆಸ್ವಾಮಿ.

"ಸರಿ ಮಾಡ್ದೆ ಅಣ್ಣ."

"ಯಾರ್ ಕೇಳಿದ್ರು?"

"ನೀವೇ ಅಲ್ವಾ ಅಣ್ಣ, ವರ್ಷಗಳಿಂದ ಮೈಕಲ್ಲಿ..."

"ಪೂಜೆ ಕುಂಕುಮ ತೆಗೆದಿದೀಯ, ಅದಕ್ಕೇ ನನ್ ಗಂಟಲು ಕಟ್ಟಿರೋದು! ಭಾನುವಾರ ಮಲ್ಲೇಶ್ವರಂ ಪ್ರೋಗ್ರಾಂ. ಹೆಂಗಿತ್ತೋ ಹಂಗೆ ಮಾಡ್ಕೊಂಡು ಬಾ, ಇಲ್ಲಾಂದ್ರೆ ಬರ್ಬೇಡ. ಕೀಬೋರ್ಡಲ್ಲಿ ಗಿಟಾರಿಂದು ಒಂದು ಗುಂಡಿ ಒತ್ತಿದ್ರೆ ನೀನೇ ಬರ್ತೀಯ."

ಮೆಟ್ಟಿಲಿಳಿಯುವಾಗ ಮುತ್ತುರಾಜ್ ಯೋಗಾನಂದನನ್ನು ಕೇಳಿದ, "ಆ ಗುಂಡೀನೂ ಶ್ರುತಿ ತಪ್ಪಲ್ವಲ್ಲೋ?"

"ತಪ್ಪಲ್ಲ. ಆದ್ರೆ ಗುಂಡಿ ತಲೆ ತಗ್ಗಿಸಲ್ಲ ಮಗಾ. ಅದಕ್ಕೇ ಅವನಿಗೆ ನೀನೇ ಬೇಕು."

"ನೀನಾದ್ರೂ ಅಲ್ಲಿ ಒಂದು ಮಾತು ಆಡ್ಬೋದಿತ್ತು."

ಯೋಗಾನಂದ ದೊರೆಸ್ವಾಮಿಯ ದನಿಯಲ್ಲಿ, "ಬಂಧುಗಳೇ, ಕ್ಷಮಿಸಬೇಕು" ಎಂದ. ಮುತ್ತುರಾಜ್ ನಗಲಿಲ್ಲ.

ಶನಿವಾರ ಗಿಟಾರು ಹೊತ್ತು ವೈಯಾಲಿಕಾವಲ್‌ನ ಇನ್ನೊಂದು ಆರ್ಕೆಸ್ಟ್ರಾಗೆ ಹೋದ. ಈಗ ಸರಿಯಾಗಿದೆ, ಒಂದು ಸಲ ಕೇಳಿ ನೋಡಿ ಎಂದ. ಅಲ್ಲಿನ ಯಜಮಾನ ಚೀಲದ ಜಿಪ್ಪು ಎಳೆಯಲೂ ಬಿಡಲಿಲ್ಲ. "ಕೇಳಿದೀವಿ ಬಿಡಪ್ಪ" ಎಂದು ನಕ್ಕ.

ಮನೆಗೆ ಬಂದು ಸ್ಕ್ರೂಡ್ರೈವರ್ ಹಿಡಿದ. ಎಣ್ಣೆ ಕುಡಿದ ಸ್ಕ್ರೂಗಳು ಬೆಣ್ಣೆಯಂತೆ ತಿರುಗಿದವು. ಕುದುರೆಗಳು ಒಂದೊಂದಾಗಿ ಹಳೇ ಜಾಗಕ್ಕೆ ಬಂದು ನಿಂತವು. ಪಾರ್ವತಮ್ಮ ಕುಂಕುಮದ ಭರಣಿ ತಂದಿಟ್ಟಳು. ಅದನ್ನೂ ಹಚ್ಚಿದ.

ಭಾನುವಾರ ಮಲ್ಲೇಶ್ವರಂನ ಪೆಂಡಾಲಿನಲ್ಲಿ ಮೊದಲ ಹಾಡು ಮುಗಿಯಿತು. ದೊರೆಸ್ವಾಮಿ "ಬಂಧುಗಳೇ" ಎನ್ನುವಷ್ಟರಲ್ಲಿ ಮುತ್ತುರಾಜ್ ತಾನೇ ಎದ್ದು ನಿಂತು ಕೈಮುಗಿದ. ಜನ ಹೋ ಎಂದು ನಕ್ಕರು. ದೊರೆಸ್ವಾಮಿ ಅವನ ಬೆನ್ನು ತಟ್ಟಿದ.

ಆಮೇಲೆ ಯೋಗಾನಂದನ ಸರದಿ. ಮೈಕಿಗೆ ಬಾಯಿಟ್ಟು ಗಿಟಾರಿನ ಕುಂಯ್‌ಗುಟ್ಟುವಿಕೆ ಶುರು ಮಾಡಿದ. "ಒರಿಜಿನಲ್ ಆಗ್ಲಿ! ಒರಿಜಿನಲ್ ಆಗ್ಲಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಯೋಗಾನಂದ ಗೆಳೆಯನ ಮುಖ ನೋಡಲಿಲ್ಲ, ಕೈ ಮಾತ್ರ ತೋರಿಸಿದ. ಮುತ್ತುರಾಜ್ ಹನ್ನೆರಡನೇ ಫ್ರೆಟ್ಟಿನ ಮೇಲೆ ಬೆರಳು ಒತ್ತಿ ಮೀಟಿದ.

ಗೆಳೆಯನ ಬಾಯಿ, ಇವನ ತಂತಿ. ಆ ದಿನ ವೇದಿಕೆಯ ಮೇಲೆ ಶ್ರುತಿ ಸೇರಿದ್ದು ಅವೆರಡೇ.