ಕವಿ ಕ್ರೇನರ ಜಾಣಮಾತು

ಕವಿ ಲೆಮ್ಯುಯೆಲ್ ಕ್ರೇನರ ಮನೆಯಲ್ಲಿ ನಾನು ಅಡುಗೆಯವಳು. ಅವರು ಬಾಯಿಬಿಟ್ಟರೆ ಸಾಕು, ಬಾಸ್ಟನ್ ಪತ್ರಿಕೆಯವರು ಬರೆದುಕೊಳ್ಳುತ್ತಿದ್ದರು. ನಮ್ಮೂರಲ್ಲಿ ಶವಪೆಟ್ಟಿಗೆಯ ಮುಂದೆ ಪದ್ಯ ಓದದೆ ಮಣ್ಣು ಮಾಡುವುದಿಲ್ಲ. ಊರ ಸಾವಿಗೆಲ್ಲ ಪದ್ಯ ಕಟ್ಟುವ ವಿಧವೆ ಡಾರ್ಕಸ್, ತನ್ನದೇ ಮಗು ಸತ್ತಾಗ ಬರೆದದ್ದನ್ನು ತಿದ್ದಿಸಲು ಕ್ರೇನರ ಬಳಿ ತಂದಳು.

"ನಿನ್ನ ಮಗು ಪುಣ್ಯ ಮಾಡಿತ್ತು ಕಣಮ್ಮ, ಇದನ್ನ ಕೇಳೋ ಮೊದಲೇ ಹೋಯ್ತು," ಅಂದರು ಕ್ರೇನರು. ಅಂದು ಊಟಕ್ಕೆ ಬಂದಿದ್ದ ಅತಿಥಿಗಳು ಬಿದ್ದು ಬಿದ್ದು ನಕ್ಕರು. ಮಾತು ಪತ್ರಿಕೆಯಲ್ಲೂ ಬಂತು.

ಮರುವರ್ಷ ಅವರ ಒಬ್ಬಳೇ ಮಗಳು ಜ್ವರ ಬಂದು ತೀರಿಹೋದಳು. ದಿನವಿಡೀ ಕೂತರೂ ಅವರಿಗೆ ಒಂದು ಸಾಲೂ ಹೊರಡಲಿಲ್ಲ. ಕೊನೆಗೆ ಡಾರ್ಕಸ್‌ಳನ್ನೇ ಕರೆಸಿದರು.

"ನೀನೇ ಏನಾದ್ರೂ ಓದಮ್ಮ."

ಅವಳು ಪೆಟ್ಟಿಗೆಯ ಬಳಿ ನಿಂತು, ಚೀಲದಿಂದ ಅವರ ಆ ಮಾತು ಅಚ್ಚಾಗಿದ್ದ ಪತ್ರಿಕೆಯ ತುಂಡು ತೆಗೆದು, ಬಿಡಿಸಿ ಬಿಡಿಸಿ ಓದಿದಳು. ಯಾರೂ ನಗಲಿಲ್ಲ. ಸುಳ್ಳೇಕೆ ಹೇಳಲಿ, ನಾನೊಬ್ಬಳು ಅಡುಗೆಮನೆಗೆ ಹೋಗಿ ನಕ್ಕೆ.